ಹೆಬ್ಬೆಟ್ಟು ಮತ್ತು ಒಪ್ಪಿಗೆ: ಸಂಶೋಧನೆಯ ನೀತಿಯನ್ನು ಕೇರಿಯಿಂದ ಓದುವುದು

1

ದಲಿತ ವಿಮರ್ಶೆ ಅಂದರೆ ದಲಿತರು ಬರೆದ ಕತೆ, ಕಾವ್ಯ, ಆತ್ಮಕತೆಗಳ ವಿಮರ್ಶೆ ಎನ್ನುವ ತಿಳಿವಳಿಕೆ ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದು ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ದಲಿತರ ಬದುಕನ್ನು ನಿರ್ಧರಿಸಿದ ಪಠ್ಯಗಳಲ್ಲಿ ಸಾಹಿತ್ಯದ ಪಾಲು ತೀರಾ ಕಡಿಮೆ. ಕ್ರಯಪತ್ರ, ಜೀತದ ಕರಾರು, ಠಾಣೆಯ ಮಹಜರು, ಜಾತಿ ಪ್ರಮಾಣಪತ್ರ, ಜನಗಣತಿಯ ನಮೂನೆ ಇವೂ ಪಠ್ಯಗಳೇ. ನಮ್ಮ ಹಿರಿಯರು ಓದದೇ ಹೋದ, ಆದರೆ ನಮ್ಮ ಹಿರಿಯರನ್ನು ಚೆನ್ನಾಗಿ ಓದಿಕೊಂಡಿದ್ದ ಪಠ್ಯಗಳು. ಇವುಗಳ ಸಾಲಿಗೆ ಈಚಿನ ದಶಕಗಳಲ್ಲಿ ಇನ್ನೊಂದು ಬಂದು ಸೇರಿದೆ. ಸಂಶೋಧಕರು ಜನರನ್ನು ಮಾತಾಡಿಸುವ ಮುಂಚೆ ಅವರ ಮುಂದಿಡುವ ಒಪ್ಪಿಗೆ ಪತ್ರ ಮತ್ತು ಅದಕ್ಕೆ ಮುದ್ರೆ ಒತ್ತುವ ನೈತಿಕ ಸಮಿತಿ. ಈ ಪತ್ರವನ್ನು ಕತೆ ಕವಿತೆಯಷ್ಟೇ ಎಚ್ಚರದಿಂದ ಓದಬೇಕಾದ ಕಾಲ ಬಂದಿದೆ ಅಂತ ನನಗೆ ಅನ್ನಿಸುತ್ತದೆ.

ಇದನ್ನು ಪಶ್ಚಿಮದಿಂದ ಬಂದ ಕಾಗದದ ಶಾಸ್ತ್ರ ಅಂತ ತಳ್ಳಿಹಾಕುವ ಗೆಳೆಯರಿದ್ದಾರೆ. ಅವರಿಗೆ ಮೊದಲು ಇದರ ಹುಟ್ಟನ್ನು ನೆನಪಿಸಬೇಕು. ಈ ಪತ್ರ ವಿದ್ವಾಂಸರ ಒಳ್ಳೆಯತನದಿಂದ ಹುಟ್ಟಿದ್ದಲ್ಲ, ಹೆಣಗಳ ಮೇಲೆ ಹುಟ್ಟಿದ್ದು. ನಾಜಿ ಶಿಬಿರಗಳಲ್ಲಿ ಕೈದಿಗಳ ಮೈಮೇಲೆ ಪ್ರಯೋಗ ಮಾಡಿದ ವೈದ್ಯರ ವಿಚಾರಣೆಯಿಂದ 1947ರಲ್ಲಿ ನ್ಯೂರೆಂಬರ್ಗ್ ಸಂಹಿತೆ ಬಂತು. ಅಮೆರಿಕದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ನಲವತ್ತು ವರ್ಷ, ಅಲ್ಲಿನ ಸರ್ಕಾರದ ಆರೋಗ್ಯ ಇಲಾಖೆ ಸುಮಾರು 600 ಮಂದಿ ಕಪ್ಪು ಗಂಡಸರನ್ನು ಸಿಫಿಲಿಸ್ ಅಧ್ಯಯನಕ್ಕೆ ಇಟ್ಟುಕೊಂಡಿತ್ತು. ಅವರಲ್ಲಿ 399 ಮಂದಿಗೆ ರೋಗವಿತ್ತು. ಪೆನ್ಸಿಲಿನ್ ಬಂದ ಮೇಲೂ ಅವರಿಗೆ ಕೊಡಲಿಲ್ಲ. ರೋಗ ಮನುಷ್ಯನನ್ನು ಹೇಗೆ ತಿನ್ನುತ್ತದೆ ಎಂದು ನೋಡುವುದೇ ಅಧ್ಯಯನವಾಗಿತ್ತು. ಇದು ಬಯಲಾದದ್ದು 1972ರಲ್ಲಿ. ಅಲ್ಲಿನ ಕಪ್ಪು ಪ್ಯಾಂಥರರ ಹೆಸರು ಹೊತ್ತು ಮುಂಬಯಿಯಲ್ಲಿ ದಲಿತ ಪ್ಯಾಂಥರ್ಸ್ ಹುಟ್ಟಿದ್ದೂ ಅದೇ ವರ್ಷ. 1974ರಲ್ಲಿ ಅಮೆರಿಕದಲ್ಲಿ ಕಾನೂನಾಯಿತು. 1979ರ ಬೆಲ್ಮಾಂಟ್ ವರದಿ ವ್ಯಕ್ತಿಗೆ ಗೌರವ, ಒಳಿತು, ನ್ಯಾಯ ಎಂಬ ಮೂರು ತತ್ವಗಳನ್ನು ಮುಂದಿಟ್ಟಿತು. ಇವತ್ತು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಓಡಾಡುವ ನಮೂನೆಗಳ ಅಜ್ಜ ಇದೇ. ಹಾಗಾಗಿ ಈ ಪತ್ರದ ಮೇಲೆ ಮೊದಲ ಹಕ್ಕು ತುಳಿಸಿಕೊಂಡವರದ್ದು. ಅದು ಯಾರ ಕೈಗೆ ಹೋಗಿ ಸೇರಿದೆ ಎನ್ನುವುದು ನನ್ನ ಪ್ರಶ್ನೆ.

2

ನಮ್ಮ ಕಡೆ ಅಳೆಯುವವನಿಗೆ ಅನುಮತಿ ಬೇಕಾಗಿರಲಿಲ್ಲ. ಮದ್ರಾಸ್ ಮ್ಯೂಸಿಯಂನ ಎಡ್ಗರ್ ಥರ್ಸ್ಟನ್ ಮೂಗು, ತಲೆಗಳನ್ನು ಅಳೆಯುವ ಸಲಕರಣೆ ಹಿಡಿದು ದಕ್ಷಿಣ ಭಾರತ ಸುತ್ತಿದ. ಕೆ. ರಂಗಾಚಾರಿಯವರ ನೆರವಿನಿಂದ 1909ರಲ್ಲಿ ಜಾತಿ ಬುಡಕಟ್ಟುಗಳ ಏಳು ಸಂಪುಟ ತಂದ. ಮೈಸೂರು ಸೀಮೆಯ ಜಾತಿಗಳ ಬಗ್ಗೆ ಎಚ್.ವಿ. ನಂಜುಂಡಯ್ಯ, ಎಲ್.ಕೆ. ಅನಂತಕೃಷ್ಣ ಅಯ್ಯರ್ ಅವರ ನಾಲ್ಕು ಸಂಪುಟಗಳನ್ನು ಮೈಸೂರು ವಿಶ್ವವಿದ್ಯಾಲಯ 1928ರಿಂದ 1935ರವರೆಗೆ ಪ್ರಕಟಿಸಿತು. ನಮ್ಮ ಅಜ್ಜಂದಿರು ಹೇಗೆ ಮದುವೆಯಾಗುತ್ತಿದ್ದರು, ಏನು ತಿನ್ನುತ್ತಿದ್ದರು, ಹೆಣವನ್ನು ಹೂಳುತ್ತಿದ್ದರೋ ಸುಡುತ್ತಿದ್ದರೋ ಎಲ್ಲ ಇಂಥ ಪುಟಗಳಲ್ಲಿದೆ. ಹೇಳಿದವರು ಯಾರು, ಯಾರ ಎದುರು ನಿಂತು ಹೇಳಿದರು, ಹೇಳುವುದಿಲ್ಲ ಅನ್ನುವ ಅವಕಾಶ ಅವರಿಗೆ ಇತ್ತೇ ಎನ್ನುವ ಪ್ರಶ್ನೆಗಳಿಗೆ ಅಲ್ಲಿ ಜಾಗವಿಲ್ಲ.

ಈ ಅಳತೆಯ ಶಾಸ್ತ್ರಕ್ಕೆ ಸರಿಯಾದ ಉತ್ತರ ಕೊಟ್ಟವರು ಬಾಬಾಸಾಹೇಬರು. 1948ರಲ್ಲಿ ಅಸ್ಪೃಶ್ಯರ ಮೂಲದ ಬಗ್ಗೆ ಬರೆದ ಪುಸ್ತಕದಲ್ಲಿ ಅವರು ಇದೇ ಮೂಗಿನ ಅಳತೆಗಳನ್ನು ಎದುರಿಗಿಟ್ಟುಕೊಂಡು, ಬ್ರಾಹ್ಮಣ ಮತ್ತು ಅಸ್ಪೃಶ್ಯ ಬೇರೆ ಬೇರೆ ಜನಾಂಗ ಎನ್ನುವ ವಾದ ಆ ಅಂಕಿಗಳಲ್ಲೇ ಬಿದ್ದುಹೋಗುತ್ತದೆ ಅಂತ ತೋರಿಸಿದರು. ಅಳೆಸಿಕೊಂಡವರ ಮಗ ಅಳತೆಗೋಲನ್ನೇ ಕಿತ್ತುಕೊಂಡ ಗಳಿಗೆ ಅದು. ದಲಿತ ವಿಮರ್ಶೆಗೆ ಒಂದು ವಿಧಾನ ಬೇಕು ಅಂತ ನಾವು ಹುಡುಕಾಡುತ್ತೇವಲ್ಲ, ಅದು ಇಲ್ಲೇ ಇದೆ. ಎದುರಾಳಿಯ ದಾಖಲೆಯನ್ನು ಬಿಸಾಡದೆ ಅದರ ಒಳಗಿನಿಂದಲೇ ಅದನ್ನು ಸೋಲಿಸುವುದು.

ಸ್ವಾತಂತ್ರ್ಯ ಬಂದ ಮೇಲೆ ಮೂಗು ಅಳೆಯುವುದು ನಿಂತಿತು. ಸಂಶೋಧಕ ಊರಿಗೆ ಬಂದು ಉಳಿಯತೊಡಗಿದ. ಆದರೆ ಯಾರ ಮನೆಯಲ್ಲಿ ಉಳಿದ? ಎಂ.ಎನ್. ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಹಳ್ಳಿಯಲ್ಲಿ ಕ್ಷೇತ್ರಕಾರ್ಯ ಮಾಡಿದಾಗ ಇಳಿದುಕೊಂಡದ್ದು ಊರ ಯಜಮಾನನ ಎತ್ತಿನ ಮನೆಯಲ್ಲಿ. ಆ ಊರಿಗೆ ಅವರು 'ರಾಮಪುರ' ಅಂತ ಹೆಸರಿಟ್ಟರು. 1976ರ ಅವರ ಪುಸ್ತಕ ದೊಡ್ಡ ಪುಸ್ತಕವೇ, ಅದರಲ್ಲಿ ಅನುಮಾನವಿಲ್ಲ. ಆದರೆ ಯಜಮಾನನ ಜಗಲಿಯಿಂದ ಕಾಣುವ ಕೇರಿಗೂ ಕೇರಿಯಿಂದ ಕಾಣುವ ಜಗಲಿಗೂ ಇರುವ ಅಂತರವನ್ನು ಯಾವ ಒಪ್ಪಿಗೆ ಪತ್ರವೂ ತುಂಬಲಾರದು. ನೈತಿಕತೆಯ ಪ್ರಶ್ನೆ ಸಹಿ ಹಾಕಿಸುವಾಗ ಹುಟ್ಟುವುದಲ್ಲ. ಸಂಶೋಧಕ ಊರಿನಲ್ಲಿ ಚಾಪೆ ಎಲ್ಲಿ ಹಾಸುತ್ತಾನೆ ಅನ್ನುವಲ್ಲೇ ಅದು ಅರ್ಧ ತೀರ್ಮಾನವಾಗಿರುತ್ತದೆ.

3

ಈಗ ಸಹಿಯ ವಿಷಯಕ್ಕೆ ಬರುತ್ತೇನೆ. ಒಪ್ಪಿಗೆ ಪತ್ರದ ತಾತ್ವಿಕತೆ ಒಂದು ನಂಬಿಕೆಯ ಮೇಲೆ ನಿಂತಿದೆ. ಮನುಷ್ಯ ಒಂಟಿ, ಸ್ವತಂತ್ರ, ವಿಷಯ ತಿಳಿಸಿದರೆ ತೂಗಿ ನೋಡಿ ಹೂಂ ಅಥವಾ ಊಹೂಂ ಅನ್ನಬಲ್ಲ. ಸಹಿ ಆ ಹೂಂಕಾರದ ಗುರುತು. ಆದರೆ ನಮ್ಮ ಕೇರಿಗಳಿಗೆ ಸಹಿಯ, ಹೆಬ್ಬೆಟ್ಟಿನ ಚರಿತ್ರೆಯೇ ಬೇರೆ. ಜೀತಕ್ಕೆ ಹೆಬ್ಬೆಟ್ಟು, ಸಾಲಕ್ಕೆ ಹೆಬ್ಬೆಟ್ಟು, ಸರ್ಕಾರ ಕೊಟ್ಟ ಮಂಜೂರಾತಿ ಜಮೀನನ್ನು ಗೌಡನಿಗೆ ಬರೆದುಕೊಡಲಿಕ್ಕೂ ಹೆಬ್ಬೆಟ್ಟು. 'ಒತ್ತು ಅಂದ್ರು, ಒತ್ತಿದೊ' ಎನ್ನುವ ಮಾತು ನಮ್ಮ ಭೂಮಿಯ ಚರಿತ್ರೆಯನ್ನೆಲ್ಲ ಮೂರೇ ಪದದಲ್ಲಿ ಹೇಳುತ್ತದೆ.

ಈ ಚರಿತ್ರೆಯನ್ನು ಅರ್ಥ ಮಾಡಿಕೊಂಡ ಒಂದು ಕಾನೂನು ಕರ್ನಾಟಕದಲ್ಲೇ ಇದೆ. ನಾವೆಲ್ಲ ಪಿಟಿಸಿಎಲ್ ಅಂತ ಕರೆಯುವ 1978ರ ಪರಭಾರೆ ನಿಷೇಧ ಕಾಯ್ದೆ. ಪರಿಶಿಷ್ಟರಿಗೆ ಮಂಜೂರಾದ ಜಮೀನನ್ನು ಷರತ್ತು ಮೀರಿ ಯಾರಾದರೂ ಕೊಂಡಿದ್ದರೆ, ಪತ್ರ ನೋಂದಣಿಯಾಗಿದ್ದರೂ, ಹೆಬ್ಬೆಟ್ಟು ಒತ್ತಿದ್ದರೂ, ದುಡ್ಡು ಕೈ ಬದಲಾಗಿದ್ದರೂ ಅದು ಅಸಿಂಧು, ಜಮೀನು ಮೂಲ ಮಂಜೂರಾತಿದಾರನಿಗೆ ಮರಳಬೇಕು ಅನ್ನುತ್ತದೆ. 1984ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ವಿಳಂಬದ ಕಾರಣ ಕೊಟ್ಟು 2017ರ ನಂತರ ಎಷ್ಟೋ ಅರ್ಜಿಗಳು ಬಿದ್ದುಹೋದವು. ಕಾಲಮಿತಿ ಇಲ್ಲ ಅಂತ ಸ್ಪಷ್ಟಪಡಿಸುವ ತಿದ್ದುಪಡಿ 2023ರಲ್ಲಿ, ಹೋರಾಟದ ಫಲವಾಗಿ ಬಂತು. ಈ ಕಾಯ್ದೆಯನ್ನು ನಾನು ಬರೀ ಭೂಮಿಯ ಕಾಯ್ದೆಯಾಗಿ ನೋಡುವುದಿಲ್ಲ. ಅದು ಒಪ್ಪಿಗೆಯ ಬಗ್ಗೆ ಕನ್ನಡ ನೆಲದಲ್ಲಿ ಹುಟ್ಟಿದ ಒಂದು ತತ್ವ. ಅಸಮಾನರ ನಡುವೆ ಸಹಿ ಅಂದರೆ ಒಪ್ಪಿಗೆ ಅಲ್ಲ. ಮೊದಲು ಅನುಮತಿ ಬೇಕು, ಆಮೇಲೆ ಕಳಕೊಂಡದ್ದು ಮರಳಿ ಬರುವ ದಾರಿಯೂ ಇರಬೇಕು. ನಮ್ಮ ವಿಶ್ವವಿದ್ಯಾಲಯಗಳು ಈ ತತ್ವದ ಮೊದಲ ಅರ್ಧವನ್ನು ಇಟ್ಟುಕೊಂಡು ಎರಡನೆಯದನ್ನು ಬಿಟ್ಟಿವೆ. ಒಪ್ಪಿಗೆ ಪತ್ರದಲ್ಲಿ 'ಯಾವಾಗ ಬೇಕಾದರೂ ಹಿಂದೆ ಸರಿಯಬಹುದು' ಎಂಬ ಸಾಲು ಇರುತ್ತದೆ. ಪ್ರಬಂಧ ಅಚ್ಚಾಗಿ, ಪದವಿ ಸಿಕ್ಕಿ, ಲೈಬ್ರರಿ ಕಪಾಟು ಸೇರಿದ ಮೇಲೆ ಎಲ್ಲಿಂದ ಹಿಂದೆ ಸರಿಯುವುದು?

ಸಹಿ ಹೇಗೆ ಸುಳ್ಳಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾ ಜಿಲ್ಲೆಗಳಲ್ಲಿ ಎಚ್‌ಪಿವಿ ಲಸಿಕೆಯ ಒಂದು ಅಧ್ಯಯನ ಶುರುವಾಯಿತು. ನಡೆಸಿದ್ದು ಅಮೆರಿಕದ ಪಾತ್ ಸಂಸ್ಥೆ, ಜೊತೆಗಿದ್ದದ್ದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ಖಮ್ಮಂನಲ್ಲಿ ಚುಚ್ಚಿಸಿಕೊಂಡ ಸುಮಾರು 14,000 ಹುಡುಗಿಯರಲ್ಲಿ ಬಹಳ ಮಂದಿ ಆದಿವಾಸಿ ಹಾಸ್ಟೆಲುಗಳ ಮಕ್ಕಳು. 2010ರ ಏಪ್ರಿಲ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಆ ಅವಧಿಯಲ್ಲಿ ಏಳು ಹುಡುಗಿಯರು ತೀರಿಕೊಂಡಿದ್ದರು. ಆ ಸಾವುಗಳಿಗೆ ಲಸಿಕೆಯೇ ಕಾರಣ ಅಂತ ಸರ್ಕಾರದ ತನಿಖೆ ಹೇಳಲಿಲ್ಲ. ನನ್ನ ಮಾತು ಲಸಿಕೆಯ ಬಗ್ಗೆ ಅಲ್ಲ, ಸಹಿಯ ಬಗ್ಗೆ. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಕೊಟ್ಟ ವರದಿಯ ಪ್ರಕಾರ 9,543 ಒಪ್ಪಿಗೆ ನಮೂನೆಗಳಲ್ಲಿ 1,948ರ ಮೇಲೆ ಹೆಬ್ಬೆಟ್ಟು, 2,763ರ ಮೇಲೆ ಹಾಸ್ಟೆಲ್ ವಾರ್ಡನ್‌ಗಳ ಸಹಿ. ಮಕ್ಕಳ ಅಪ್ಪ ಅಮ್ಮಂದಿರ ಜಾಗದಲ್ಲಿ ವಾರ್ಡನ್! ಹಾಸ್ಟೆಲಿನಲ್ಲಿ ಉಂಡು ಓದಿದ ನಮಗೆಲ್ಲ ವಾರ್ಡನ್ ಅಂದರೆ ಏನು, ಅವನ ಮುಂದೆ ಬೇಡ ಅನ್ನುವುದು ಅಂದರೆ ಏನು ಅಂತ ಬಿಡಿಸಿ ಹೇಳಬೇಕಿಲ್ಲ. ದೇಶದ ನೈತಿಕ ಮಾರ್ಗಸೂಚಿಗಳನ್ನು ಬರೆಯುವ ಮಂಡಳಿಯೇ ಈ ಅಧ್ಯಯನದ ಪಾಲುದಾರ ಆಗಿತ್ತು ಎನ್ನುವುದನ್ನೂ ಮರೆಯಬಾರದು.

4

ಆ ಮಂಡಳಿಯ 2017ರ ಮಾರ್ಗಸೂಚಿಯನ್ನು ಒಬ್ಬ ಸಾಹಿತ್ಯದ ಮೇಷ್ಟ್ರಾಗಿ ನಾನು ಓದಿದ್ದೇನೆ. ಅದು ಬೇಜವಾಬ್ದಾರಿಯ ದಾಖಲೆಯಲ್ಲ. ಸಾಮಾಜಿಕವಾಗಿ, ಆರ್ಥಿಕವಾಗಿ ಹಿಂದುಳಿದವರನ್ನು ವಿಶೇಷ ರಕ್ಷಣೆ ಬೇಕಾದವರ ಪಟ್ಟಿಯಲ್ಲಿ ಇಟ್ಟಿದೆ. ಸಮಿತಿಯಲ್ಲಿ ಏಳರಿಂದ ಹದಿನೈದು ಜನ ಇರಬೇಕು, ಅಧ್ಯಕ್ಷರು ಹೊರಗಿನವರಾಗಬೇಕು, ಅರ್ಧದಷ್ಟಾದರೂ ಸದಸ್ಯರು ಸಂಸ್ಥೆಯ ಹೊರಗಿನಿಂದ ಬರಬೇಕು, ಒಬ್ಬ ಸಾಮಾನ್ಯ ವ್ಯಕ್ತಿ ಇರಬೇಕು ಅನ್ನುತ್ತದೆ. ಆದರೆ ಆ ಸಾಮಾನ್ಯ ವ್ಯಕ್ತಿ ಅಕ್ಷರಸ್ಥನಾಗಿರಬೇಕು. ಓದು ಬರಹ ಬಾರದವರಿಂದ ಒಪ್ಪಿಗೆ ಪಡೆಯುವಾಗ ನಿಷ್ಪಕ್ಷಪಾತಿಯಾದ ಒಬ್ಬ ಅಕ್ಷರಸ್ಥ ಸಾಕ್ಷಿ ಇರಬೇಕು. ವಯಸ್ಸು, ಲಿಂಗದ ಸಮತೋಲನದ ಬಗ್ಗೆ ಮಾತಾಡುವ ಖಚಿತತೆ ಜಾತಿಯ ಬಗ್ಗೆ ಕಾಣುವುದಿಲ್ಲ.

ನಿಷ್ಪಕ್ಷಪಾತಿಯಾದ ಅಕ್ಷರಸ್ಥ ಸಾಕ್ಷಿ! ಈ ಪದಗುಚ್ಛವನ್ನು ಒಂದು ಹಳ್ಳಿಗೆ ತಂದು ನಿಲ್ಲಿಸಿ ನೋಡಿ. ಕೂಲಿ ಬಗ್ಗೆ, ಬಾವಿ ಬಗ್ಗೆ, ಹೋಟೆಲಿನ ಲೋಟದ ಬಗ್ಗೆ ಕೇಳಲು ಹೋದಾಗ ಅಲ್ಲಿ ಕೈಗೆ ಸಿಗುವ ಅಕ್ಷರಸ್ಥ ಯಾರು? ಪಂಚಾಯ್ತಿ ಸೆಕ್ರೆಟರಿ, ಡೇರಿ ಕಾರ್ಯದರ್ಶಿ, ಊರ ಕಡೆಯ ಯಾರೋ ಒಬ್ಬ ಮೇಷ್ಟ್ರು. ಜಾತಿಯಿರುವ ಊರಲ್ಲಿ ನಿಷ್ಪಕ್ಷಪಾತ ಅನ್ನುವುದು ಒಂದು ಮನೆಯ ವಿಳಾಸವಲ್ಲ. ಯಾರ ವಿರುದ್ಧ ಮಾತಾಡಬೇಕೋ ಅವನನ್ನೇ ಸಾಕ್ಷಿಗೆ ಕೂರಿಸಿಕೊಂಡು ಮಾತಾಡು ಅಂದಂತಾಗುತ್ತದೆ.

ಈ ಮಾರ್ಗಸೂಚಿ ವೈದ್ಯಕೀಯ ಮತ್ತು ಆರೋಗ್ಯ ಸಂಶೋಧನೆಗೆ ಬರೆದದ್ದು. ಆರೋಗ್ಯದ ಸಮಾಜವಿಜ್ಞಾನಕ್ಕೆ 2000ದಲ್ಲಿ ಮುಂಬಯಿಯ ಸೇಹತ್ ಸಂಸ್ಥೆಯ ಪ್ರಯತ್ನದಿಂದ ಒಂದು ನೀತಿಸೂತ್ರ ಬಂದಿತ್ತು. ಆದರೆ ಕನ್ನಡ, ಜಾನಪದ, ಸಮಾಜಶಾಸ್ತ್ರ ವಿಭಾಗಗಳಲ್ಲಿ ಒಂದೋ ಏನೂ ಇರುವುದಿಲ್ಲ, ಇಲ್ಲವೇ ಆಸ್ಪತ್ರೆಯ ನಮೂನೆಯನ್ನೇ ಎರಕ ಹೊಯ್ದು ತಂದಿರುತ್ತಾರೆ. ಒಂದು ವಿಶ್ವವಿದ್ಯಾಲಯದಲ್ಲಿ ನನಗೆ ಪರಿಚಯದ ಒಬ್ಬ ಹುಡುಗಿ ತನ್ನದೇ ಕೇರಿಯ ಹೆಂಗಸರ ಕೂಲಿಯ ಬಗ್ಗೆ ಪಿಎಚ್.ಡಿ. ಮಾಡಲು ಅರ್ಜಿ ಹಾಕಿದಳು. ಸಮಿತಿ ಎರಡು ಆಕ್ಷೇಪ ಎತ್ತಿತು. ಒಂದು, ಗ್ರಾಮದ ಮುಖ್ಯಸ್ಥರಿಂದ ಅನುಮತಿ ಪತ್ರ ತರಬೇಕು. ಎರಡು, ಸ್ವಂತ ಸಮುದಾಯದ ಅಧ್ಯಯನವಾದ್ದರಿಂದ ವಸ್ತುನಿಷ್ಠತೆಯನ್ನು ಹೇಗೆ ಕಾಪಾಡುತ್ತೀರಿ ಅಂತ ವಿವರಿಸಬೇಕು. ಮೊದಲನೆಯದಕ್ಕೆ ಅವಳು ನಗುತ್ತಾ ಹೇಳಿದ್ದು ಇಷ್ಟು: 'ಸಾರ್, ಕೂಲಿ ಕೊಡೋದು ಅವ್ರೇ. ಅವ್ರು ಕಮ್ಮಿ ಕೊಡ್ತಾರೆ ಅಂತ ಬರೆಯಕ್ಕೆ ಅವ್ರ ಹತ್ರನೇ ಚೀಟಿ ತರ್ಬೇಕಂತೆ.' ಎರಡನೆಯದಕ್ಕೆ ನಾನು ಹೇಳುವುದು ಇಷ್ಟು: ಮಠದ ಸಾಹಿತ್ಯವನ್ನು ಮಠದ ಭಕ್ತರು, ಅಗ್ರಹಾರದ ಚರಿತ್ರೆಯನ್ನು ಅಗ್ರಹಾರದವರು ಬರೆದಾಗ ಈ ಪ್ರಶ್ನೆ ಯಾರೂ ಕೇಳಲಿಲ್ಲ. ಅಲ್ಲಿ ಒಳಗಿನವರಾಗಿರುವುದು ಅಧಿಕಾರ, ಇಲ್ಲಿ ಪೂರ್ವಗ್ರಹ. ನೈತಿಕತೆ ಹೀಗೆ ಜಾತಿಯ ಭಾಷೆಯನ್ನೇ ಮೆತ್ತಗೆ ಮಾತಾಡಬಲ್ಲದು.

5

ಹೆಸರಿನ ಪ್ರಶ್ನೆ ಇನ್ನೂ ಕಷ್ಟದ್ದು. ಮಾಹಿತಿ ಕೊಟ್ಟವರ ಹೆಸರು ಮರೆಮಾಚಬೇಕು ಎನ್ನುವುದು ನಮೂನೆಯ ಒಂದು ಮುಖ್ಯ ನಿಯಮ. ಇದರ ಹಿಂದೆ ಕಾಳಜಿ ಇದೆ ಅಂತ ನಾನು ಒಪ್ಪುತ್ತೇನೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟುಹಾಕಿದರು. ಸಾಕ್ಷಿಗಳು ತಿರುಗಿಬಿದ್ದರು, 2006ರಲ್ಲಿ ಆರೋಪಿಗಳು ಖುಲಾಸೆಯಾದರು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ನ್ಯಾಯಾಲಯದಲ್ಲೇ ಬಾಯಿ ಬಿಡಲಾಗದ ಜನ ನಮ್ಮ ಟೇಪ್ ರೆಕಾರ್ಡರ್ ಮುಂದೆ ಬಾಯಿ ಬಿಟ್ಟರೆ, ನಾಳೆ ನಾವು ಬಸ್ಸು ಹತ್ತಿದ ಮೇಲೆ ಅವರು ಅಲ್ಲೇ ಇರಬೇಕು. ಮಲದ ಹೊಂಡಕ್ಕೆ ತನ್ನನ್ನು ಇಳಿಸಿದ ಗುತ್ತಿಗೆದಾರನ ಹೆಸರು ಹೇಳಿದವನು ಕೆಲಸ ಕಳಕೊಳ್ಳಬಹುದು. 2013ರ ಕಾಯ್ದೆ ಆ ಕೆಲಸ ಮಾಡಿಸುವುದನ್ನು ಅಪರಾಧ ಅನ್ನುತ್ತದೆ ನಿಜ, ಆದರೆ ಕಾಯ್ದೆ ಅವನ ಮನೆಗೆ ಅಕ್ಕಿ ತರುವುದಿಲ್ಲ.

ಆದರೆ ಇದರ ಇನ್ನೊಂದು ಮಗ್ಗುಲೂ ಇದೆ. ಹೆಸರಿಲ್ಲದೆ ಬದುಕಿದ್ದೇ ನಮ್ಮ ಚರಿತ್ರೆ. ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' 1994ರಲ್ಲಿ ಬಂತು, ಸಿದ್ಧಲಿಂಗಯ್ಯನವರ 'ಊರುಕೇರಿ' ಬಂತು. ಅವರು ತಮ್ಮ ಹೆಸರಿನಲ್ಲೇ, ತಮ್ಮ ಕೇರಿಯ ಗುರುತಿನಲ್ಲೇ ಮಾತಾಡಿದರು. ಮಾತಿನಷ್ಟೇ ಹೆಸರೂ ಅಲ್ಲಿ ಹೋರಾಟ. ಅದೇ ಕೇರಿಯ ಹೆಂಗಸು ಪಿಎಚ್.ಡಿ. ಪ್ರಬಂಧಕ್ಕೆ ಬಂದರೆ 'ಮಾಹಿತಿದಾರೆ ಸಂಖ್ಯೆ 14' ಆಗುತ್ತಾಳೆ. ಜಾನಪದದಲ್ಲಿ ಇದಕ್ಕೆ 'ವಕ್ತೃ' ಎನ್ನುವ ಗೌರವದ ಪದ ಇದೆ. ಆದರೆ ಹಲವು ಸಂಗ್ರಹಗಳನ್ನು ತೆಗೆದು ನೋಡಿ. ರಾತ್ರಿಗಟ್ಟಲೆ ಹಾಡಿದವರು ಕೊನೆಯ ಪುಟಗಳ ಪಟ್ಟಿಯಲ್ಲಿ ಹೆಸರು, ವಯಸ್ಸು, ಜಾತಿ, ಊರು ಆಗಿ ಕೂತಿರುತ್ತಾರೆ. ಬರಕೊಂಡವರು ಮುಖಪುಟದಲ್ಲಿರುತ್ತಾರೆ. ಬೇರೆ ದಾರಿ ಇತ್ತು ಅನ್ನುವುದಕ್ಕೆ ತುಳುನಾಡಿನಲ್ಲೇ ಉದಾಹರಣೆ ಇದೆ. ಗೋಪಾಲ ನಾಯ್ಕರು 1990ರಲ್ಲಿ ಹೇಳಿ ಬರೆಸಿದ 15,683 ಸಾಲುಗಳ ಸಿರಿ ಮಹಾಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ವಿವೇಕ ರೈ, ಚಿನ್ನಪ್ಪ ಗೌಡರ ಜೊತೆ 1998ರಲ್ಲಿ ಪ್ರಕಟಿಸಿದಾಗ ಹಾಡಿದವರ ಹೆಸರು ಪುಸ್ತಕದ ಶೀರ್ಷಿಕೆಯಲ್ಲೇ ಬಂತು.

ಇಲ್ಲಿ ಒಂದು ವ್ಯಂಗ್ಯವನ್ನು ಗಮನಿಸಬೇಕು. ಕೃತಿಚೌರ್ಯ ತಡೆಯಲು ಯುಜಿಸಿ 2018ರಲ್ಲಿ ನಿಯಮ ತಂದಿತು. ಅಚ್ಚಾದ ಬರಹದಿಂದ ಶೇಕಡಾ 10ಕ್ಕಿಂತ ಹೆಚ್ಚು ಹೋಲಿಕೆ ಕಂಡರೆ ದಂಡನೆ. ಅದನ್ನು ಹಿಡಿಯಲು ಸಾಫ್ಟ್‌ವೇರ್ ಇದೆ. ಅಚ್ಚಾದ ಮಾತಿಗೆ ಕಾವಲು ಇಟ್ಟ ವಿಶ್ವವಿದ್ಯಾಲಯ, ಬಾಯಿಮಾತಿಗೆ ಬೇಲಿಯನ್ನೂ ಹಾಕಲಿಲ್ಲ. ಹಾಡುವವಳ ನೂರಕ್ಕೆ ನೂರು ಮಾತು ತಂದು ಪ್ರಬಂಧಕ್ಕೆ ಸುರಿದರೂ ಯಂತ್ರ 'ಶೇಕಡಾ ಸೊನ್ನೆ' ಎಂದು ಪ್ರಮಾಣಪತ್ರ ಕೊಡುತ್ತದೆ. ಅಕ್ಷರಕ್ಕೆ ಮಾತ್ರ ಒಡೆತನ, ಬಾಯಿಗೆ ಇಲ್ಲ ಎನ್ನುವುದು ವರ್ಣವ್ಯವಸ್ಥೆಯ ಹಳೆಯ ನಿಯಮ. ಈ ನಿಯಮದಿಂದ ಲಾಭ ಪಡೆದವರ ಸಾಲಿನಲ್ಲಿ ಮೇಲುಜಾತಿಯ ವಿದ್ವಾಂಸರಷ್ಟೇ ಇಲ್ಲ. ಕೇರಿಯಿಂದ ಬಂದು ಸಂಬಳ ಎಣಿಸುವ ನಾವೂ ಇದ್ದೇವೆ. ನಮ್ಮ ಅವ್ವಂದಿರ ಮಾತು ನಮ್ಮ ಬಡ್ತಿಯ ಅಂಕಗಳಾಗುತ್ತಿವೆ ಎನ್ನುವುದನ್ನು ಈ ಸಂಚಿಕೆಯಲ್ಲಿ ಹೇಳದೆ ಇನ್ನೆಲ್ಲಿ ಹೇಳುವುದು?

ಕ್ಷೇತ್ರಕಾರ್ಯದಲ್ಲಿ ಒಬ್ಬ ಅಜ್ಜಿ ಕೇಳಿದ ಮಾತು ನನಗೆ ಯಾವ ಮಾರ್ಗಸೂಚಿಗಿಂತ ದೊಡ್ಡದಾಗಿ ಕಾಣುತ್ತದೆ. 'ಬರ್ಕೊ ಮಗ, ಬ್ಯಾಡ ಅನ್ನಕಿಲ್ಲ. ನಾ ಹೇಳಿದ್ದು ಅಲ್ಲಿ ಹೋಗಿ ಏನಾಯ್ತದೆ ಅಂತ ನಂಗೆ ತಿರ್ಗಾ ಬಂದು ಹೇಳೋರು ಯಾರು?' ಹೆಸರು ಇರಲಿ ಅಥವಾ ಬೇಡ ಅನ್ನುವ ತೀರ್ಮಾನ ಸಮಿತಿಯದ್ದಾಗಬಾರದು, ಸಂಶೋಧಕನದ್ದೂ ಆಗಬಾರದು. ಅದು ಹೇಳಿದವಳದ್ದಾಗಬೇಕು. ಬರೆದದ್ದನ್ನು ಓದಿಸಿ ಕೇಳಿದ ಮೇಲೆ ಅದನ್ನು ಬದಲಾಯಿಸುವ ಹಕ್ಕೂ ಅವಳಿಗಿರಬೇಕು.

6

ಹಾಗಾದರೆ ನಾವು ಏನು ಮಾಡಬೇಕು? ಸಮಿತಿಗಳೇ ಬೇಡ, ಅವು ನಮ್ಮ ಹುಡುಗರ ಕಾಲಿಗೆ ತೊಡರು ಅನ್ನುವ ಗೆಳೆಯರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಸಮಿತಿ ಇಲ್ಲದ ಕಾಲವನ್ನು ನಾವು ನೋಡಿದ್ದೇವೆ. ಅದು ಮೂಗು ಅಳೆದ ಕಾಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಸಂಶೋಧನೆಗೆ ಷರತ್ತಿನ ವಿನಾಯಿತಿ ಕೊಟ್ಟಿದೆ. ಕಾವಲು ಕಿತ್ತರೆ ಹೊಲ ನಮ್ಮದಾಗುವುದಿಲ್ಲ. ಕಾವಲಿಗೆ ನಮ್ಮವರು ನಿಲ್ಲಬೇಕು.

ನಿಂತವರ ಉದಾಹರಣೆಗಳಿವೆ. ಅಮೆರಿಕದ ಹವಸುಪಾಯಿ ಎಂಬ ಸಣ್ಣ ಬುಡಕಟ್ಟಿನ ಜನ 1990ರ ನಂತರ ಸಕ್ಕರೆ ಕಾಯಿಲೆಯ ಅಧ್ಯಯನಕ್ಕೆ ಅಂತ ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯವರಿಗೆ ರಕ್ತ ಕೊಟ್ಟರು. ಆ ರಕ್ತವನ್ನು ಮಾನಸಿಕ ಕಾಯಿಲೆ, ವಲಸೆಯ ಮೂಲ ಎಂದೆಲ್ಲ ಬೇರೆ ಅಧ್ಯಯನಗಳಿಗೆ ಬಳಸಿದ್ದು ಆಮೇಲೆ ತಿಳಿಯಿತು. ಅವರು ಕೋರ್ಟಿಗೆ ಹೋದರು. 2010ರಲ್ಲಿ ರಾಜಿಯಾಗಿ 7 ಲಕ್ಷ ಡಾಲರ್ ಪರಿಹಾರದ ಜೊತೆಗೆ ತಮ್ಮ ರಕ್ತವನ್ನೂ ವಾಪಸು ಪಡೆದರು. ನಮ್ಮ ಪಿಟಿಸಿಎಲ್ ಭೂಮಿಗೆ ಹೇಳಿದ್ದನ್ನು ಅವರು ರಕ್ತಕ್ಕೆ ಹೇಳಿದರು. ದಕ್ಷಿಣ ಆಫ್ರಿಕಾದ ಸಾನ್ ಜನ 2017ರಲ್ಲಿ ತಮ್ಮದೇ ಸಂಶೋಧನಾ ನೀತಿಸಂಹಿತೆ ಬರೆದುಕೊಂಡರು. ಅಧ್ಯಯನ ಮಾಡುವವರು ಮೊದಲು ಸಾನ್ ಮಂಡಳಿಯ ಮುಂದೆ ಬರಬೇಕು, ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಸಿಕ್ಕಿದ್ದರಲ್ಲಿ ಜನಕ್ಕೆ ಪಾಲು ಕೊಡಬೇಕು.

ಇಂಥದ್ದೊಂದು ಕರಡು ಕನ್ನಡದಲ್ಲಿ ಸಿದ್ಧವಾಗಬೇಕು ಎನ್ನುವುದು ನನ್ನ ಒತ್ತಾಯ. ಅದನ್ನು ವಿಶ್ವವಿದ್ಯಾಲಯ ಬರೆಯುವುದಿಲ್ಲ. ಸಂಘಟನೆಗಳು, ಪೌರಕಾರ್ಮಿಕರು, ದೇವದಾಸಿ ವಿಮೋಚನೆಗೆ ದುಡಿಯುವ ಹೆಂಗಸರು, ಹಾಡುವವರು, ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಕೂತು ಬರೆಯಬೇಕು. ಅದರಲ್ಲಿ ನಾಲ್ಕು ಮಾತಾದರೂ ಇರಲಿ. ಯಾರ ಬಗ್ಗೆ ಅಧ್ಯಯನವೋ ಅವರ ಕಡೆಯ ಒಬ್ಬರು ಸಮಿತಿಯಲ್ಲಿ ಕೂರಬೇಕು, ಅವರಿಗೆ ಅಕ್ಷರ ಬರುವುದು ಅರ್ಹತೆಯಾಗಬಾರದು. ಊರ ಯಜಮಾನನ ಅನುಮತಿ ಎಂಬ ಕಾಲಂ ಹೋಗಬೇಕು, ಸಾಕ್ಷಿಯನ್ನು ಮಾತಾಡುವವರೇ ಆರಿಸಿಕೊಳ್ಳಬೇಕು. ಪ್ರಬಂಧ ಸಲ್ಲಿಸುವ ಮುಂಚೆ ಕೇರಿಗೆ ಮರಳಿ, ಬರೆದದ್ದನ್ನು ಅವರ ಮಾತಿನಲ್ಲಿ ಓದಿ ಹೇಳಬೇಕು, ಅದಾಗದೆ ಪದವಿ ಇಲ್ಲ. ಧ್ವನಿಮುದ್ರಿಕೆಯ ಒಂದು ಪ್ರತಿ ಹೇಳಿದವರ ಮನೆಯಲ್ಲಿರಬೇಕು, ಅದನ್ನು ವಾಪಸು ಕೇಳುವ ಹಕ್ಕಿಗೆ ಕಾಲಮಿತಿ ಇರಬಾರದು.

ಇದು ಕಾರ್ಯಸಾಧ್ಯವಲ್ಲ ಅನ್ನುವವರು ಸಿಗುತ್ತಾರೆ. ಮಂಜೂರಾತಿ ಜಮೀನು ಗೌಡನ ಕೈಯಿಂದ ವಾಪಸು ಬರುವುದೂ 1978ಕ್ಕೆ ಮುಂಚೆ ಕಾರ್ಯಸಾಧ್ಯವಾಗಿರಲಿಲ್ಲ.